ಕತ್ತರಿಸಿದ ಜಡೆ

"ಈ ಕತೆಯ ಮೊದಲ್ನೇ ಪುಟದಲ್ಲೇ ನಾಯಕಿ ಮೋಟು ಕೂದಲು ಬಿಟ್ಕೊಂಡು ದೋಣೀಲಿ ನಗ್ತಾ ಕೂತಿದಾಳೆ. ಜಡೆ ಕತ್ತರಿಸಿದ್ದು ಯಾಕೆ ಅಂತ ಆಮೇಲೆ ಬರುತ್ತೆ. ಆ ಜಡೆ ಯಾವುದರ ಸಂಕೇತ? ಹೇಳ್ರೋ, ಬಾಯಿಗೆ ಬೀಗ ಹಾಕ್ಕೊಂಡಿದೀರಾ?" ಕೆಪು ಮೇಷ್ಟ್ರು ಮೇಜು ಕುಟ್ಟಿದರು.

ಸಮುದ್ರದಾಚೆಯ ಸುವಾ ನಗರದಲ್ಲಿ ನಡೆಯುವ ಕಥಾವಿಮರ್ಶೆಯ ಸ್ಪರ್ಧೆಗೆ ಅವರು ಇವತ್ತು ಒಬ್ಬರನ್ನು ಆರಿಸುವವರಿದ್ದರು. ಹೇಗಾದರೂ ತಾನೇ ಹೋಗಬೇಕೆಂದು ಲೋಸೆಲಿ ಮಾರ್ಗದರ್ಶಿ ಪುಸ್ತಕವನ್ನು ಉರು ಹೊಡೆದು ಬಂದಿದ್ದಳು. ಎದ್ದು ನಿಂತು ಒಂದೇ ಉಸಿರಿಗೆ ಒಪ್ಪಿಸಿದಳು.

"ಜಡೆ ಅಂದ್ರೆ ಮನೆಯವರು ಹಾಕಿದ ಬೇಡಿ ಸಾರ್. ಕತ್ತರಿಸಿದ್ದೇ ಬಿಡುಗಡೆ. ಆ ಖುಷಿ ಓದೋರಿಗೆ ಮೊದಲೇ ಸಿಗಲಿ ಅಂತ ಕೊನೇದನ್ನ ಮುಂದಕ್ಕೆ ತಂದಿದಾರೆ."

"ಭಲೇ! ಸುವಾಗೆ ನೀನೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವಳ ತಲೆಯನ್ನೇ ನೋಡುತ್ತಿದ್ದರು. ಅವರ ದ್ವೀಪದ ಪದ್ಧತಿಯಂತೆ ಸೋದರತ್ತೆ ಸತ್ತರೆ ಅವಳ ಅಣ್ಣತಮ್ಮಂದಿರ ಮಕ್ಕಳು ಕೂದಲು ಕತ್ತರಿಸಿ ಕೊಡಬೇಕು, ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಳ್ಳಬೇಕು. ಲೋಸೆಲಿಯ ಸೇನಿ ಅತ್ತೆ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅವಳನ್ನು ಸಾಕಿದ್ದೇ ಆ ಅತ್ತೆ. ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದಳು. ನಾಚಿಕೆಯಾದಾಗ ಜಡೆಯ ತುದಿ ಕಚ್ಚುವುದು ಲೋಸೆಲಿಯ ಚಾಳಿ. "ಜಡೆ ತಿನ್ಬೇಡವೇ, ಮನೇಲಿ ಗೆಣಸಿದೆ" ಎಂದು ಅತ್ತೆ ಗದರುತ್ತಿದ್ದಳು.

ಮೇಷ್ಟ್ರಿಗೂ ಆಗ ಹೊಳೆದಿರಬೇಕು, ಸುಮ್ಮನೆ ಸೀಮೆಸುಣ್ಣ ಹುಡುಕತೊಡಗಿದರು. ಹಿಂದಿನ ಬೆಂಚಿನಲ್ಲಿ ಅತ್ತೆಯ ಮಗಳು ಫಿಫಿಟಾ ತಲೆ ತಗ್ಗಿಸಿ ಕೂತಿದ್ದಳು. ಲೋಸೆಲಿ ನಾಚಿಕೆಯಿಂದ ಹಿಡಿಯಾದಳು. ಈ ನಾಲಿಗೆ ಬಿದ್ದುಹೋಗಬಾರದೇ!

ಶಾಲೆ ಬಿಟ್ಟ ಮೇಲೆ ಓಡಿಹೋಗಿ ದೀವಿಹಲಸಿನ ಮರದ ಕೆಳಗೆ ಫಿಫಿಟಾಳ ಕೈ ಹಿಡಿದಳು.

"ಪುಸ್ತಕದಲ್ಲಿ ಹಾಗೇ ಇತ್ತು ಕಣೇ. ಅತ್ತೇನ ನೆನೆಸ್ಕೊಂಡು ಹೇಳಿದ್ದಲ್ಲ, ದೇವರಾಣೆ."

"ಆ ಕತೇಲಿ ಅವಳ ಅಮ್ಮ ಸಾಯೋದು ಕೊನೇ ಪುಟದಲ್ಲಿ ಬರುತ್ತೆ, ಅವಳು ಜಡೆ ಕತ್ತರಿಸೋದು ಅದಕ್ಕೇ. ಓದಿದ್ಯಾ?"

ಲೋಸೆಲಿ ಇಲ್ಲವೆಂದು ತಲೆಯಾಡಿಸಿದಳು. ಕಥೆಯನ್ನು ಅವಳು ಅಲ್ಲಿಯವರೆಗೆ ಓದಿರಲೇ ಇಲ್ಲ.

"ನಿನ್ನ ಜಡೆಗೆ ಕತ್ತರಿ ಹಾಕಿದ್ದು ನಾನು," ಎಂದಳು ಫಿಫಿಟಾ. "ಅಮ್ಮನೇ ಹೆಣೆದ ಜಡೆ, ಕೈಯೇ ಬರ್ತಿರ್ಲಿಲ್ಲ. ನಿಂಗೆ ಬಿಡುಗಡೆ ಕೊಡಿಸ್ತಿದೀನಿ ಅಂತ ಗೊತ್ತಿದ್ರೆ ಅಷ್ಟೊಂದು ಅಳ್ತಾನೇ ಇರ್ಲಿಲ್ಲ."

ಕೈ ಬಿಡಿಸಿಕೊಂಡು ಸಮುದ್ರದ ಕಡೆಯ ದಾರಿ ಹಿಡಿದಳು. ಲೋಸೆಲಿ ಅಲ್ಲೇ ನಿಂತಳು. ಅವಳ ಕೈ ತಾನಾಗಿಯೇ ಹೆಗಲ ಹಿಂದಕ್ಕೆ ಹೋಗಿ, ಜಡೆಗಾಗಿ ತಡಕಾಡಿತು.