ಮುಂಜಾನೆಯಷ್ಟೇ ಒಡೆಯುವ ಅಲೆ

ಮಧ್ಯಾಹ್ನ ಮತ್ತೆ ಅಲೆ ಒಡೆಯಲಿಲ್ಲ. ಮಸಗುಪ್ಪಿಯ ಕಾಲುವೆಯ ಕಿರುಸೇತುವೆಯ ಮೇಲೆ ಬೋರಲಾಗಿ ಮಲಗಿದ್ದ ಆಮ್ರಪಾಲಿ, ಕೆಳಗೆ ನೀರಿಗೆ ಮೂತಿಯೊಡ್ಡಿ ನಿಂತ ಪುಟ್ಟ ಹಡಗನ್ನು ಬಾಯಿಗೆ ಬಂದಂತೆ ಬೈದಳು.

ಅದು ಒಂದೂವರೆ ಮೀಟರಿನ ಕಟ್ಟಿಗೆಯ ಮಾದರಿ. ಓಡುವ ಹಡಗಿನ ಮೂತಿಯ ಬಳಿ ಏಳುವ ಅಲೆ ಎಲ್ಲಿ ಒಡೆದು ನೊರೆಯಾಗುತ್ತದೆ ಎಂಬುದೇ ಅವಳ ಸಂಶೋಧನೆ. ಸಂಸ್ಥೆಯ ಉದ್ದನೆಯ ನೀರಿನ ತೊಟ್ಟಿಯನ್ನು ರಿಪೇರಿಗೆಂದು ಆರು ತಿಂಗಳು ಮುಚ್ಚಿಬಿಟ್ಟಿದ್ದರು. ಹಡಗು ಓಡದಿದ್ದರೆ ನೀರೇ ಓಡಲಿ ಎಂದು, ಮಾದರಿಯನ್ನು ಬಸ್ಸಿಗೆ ಹೇರಿಕೊಂಡು ಸೋದರಮಾವ ಉದ್ದಪ್ಪನ ಮನೆಗೆ ಬಂದಿದ್ದಳು. ಉದ್ದಪ್ಪ ಸೇತುವೆಗೆ ಕಬ್ಬಿಣದ ಪೈಪು ಬಿಗಿದು ಮಾದರಿಯನ್ನು ಅಲುಗದಂತೆ ನಿಲ್ಲಿಸಿಕೊಟ್ಟಿದ್ದ.

ಮುಂಜಾನೆಯ ಅಳತೆಗಳು ಅವಳ ಕಂಪ್ಯೂಟರ್ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತಿದ್ದವು. ಅದನ್ನೇ ನಂಬಿ ಪ್ರಬಂಧ ಬರೆದು, ಒಂದು ಸಮ್ಮೇಳನಕ್ಕೆ ಕಳಿಸಿಯೂ ಆಗಿತ್ತು. ಆದರೆ ಮಧ್ಯಾಹ್ನವಾದರೆ ಸಾಕು, ಅದೇ ವೇಗದ ನೀರಿನಲ್ಲಿ ಅಲೆ ಬರೀ ಉಬ್ಬಿ, ಸಣ್ಣ ಸುಕ್ಕುಗಳಾಗಿ ಸುಮ್ಮನಾಗುತ್ತಿತ್ತು. ಮಧ್ಯಾಹ್ನವೂ ಅಳೆಯತೊಡಗಿದ ಹನ್ನೊಂದು ದಿನಗಳಿಂದ ಇದೇ ಪಾಡು.

“ಮಾಮಾ, ಪೈಪ್ ಸಡಿಲಾಗೈತಿ ನೋಡು.”

“ಇನ್ನೆಷ್ಟ್ ಬಿಗೀಲಿ? ಬೋಲ್ಟ್ ಮುರೀತೈತಿ ಈಗ. ಪೈಪಿಂದೇನೂ ತಪ್ಪಿಲ್ಲವ್ವಾ,” ಎಂದು ಉದ್ದಪ್ಪ ಪಾನಾ ಕೆಳಗಿಟ್ಟ.

ಅಲೆ ಅಳೆಯುವ ತಂತಿ ಬದಲಿಸಿದಳು, ಕ್ಯಾಮೆರಾ ಬದಲಿಸಿದಳು, ಬಿಸಿಲಿಗೆ ಛತ್ರಿ ಹಿಡಿದಳು. ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಮುಂಜಾನೆಯೂ ಅಲೆ ಒಡೆಯದಿದ್ದಾಗ ಅವಳಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಸುತ್ತ ನೋಡಿದಳು. ಕಾಲುವೆ ಯಾಕೋ ಬಿಕೋ ಎನ್ನುತ್ತಿತ್ತು.

“ಮಾಮಾ, ಇವತ್ತ ಒಗ್ಯಾಣಕ್ಕ ಯಾರೂ ಬಂದಿಲ್ಲಲ್ಲ?”

“ಎಲ್ಲಾರೂ ಮೇಲವಂಕಿಗಿ ಮದವಿಗಿ ಹೋಗ್ಯಾರ. ಯಾಕ?”

ಆಮ್ರಪಾಲಿ ನೀರು ಬರುವ ದಿಕ್ಕಿಗೆ, ಸೇತುವೆಯಿಂದ ಐವತ್ತು ಹೆಜ್ಜೆ ದೂರದ ಒಗೆಯುವ ಕಲ್ಲುಗಳನ್ನೇ ನೋಡುತ್ತ ನಿಂತಳು. ಪ್ರತಿದಿನ ಹತ್ತು ಗಂಟೆಯವರೆಗೆ ಅಲ್ಲಿಂದ ಸಾಬೂನಿನ ನೀರು ನೇರ ಮಾದರಿಯ ಮೂತಿಗೇ ಹರಿದುಬರುತ್ತಿತ್ತು.

ಮರುದಿನ ಮಧ್ಯಾಹ್ನ ಉದ್ದಪ್ಪನ ಹೆಂಡತಿ ಕೆಂಪವ್ವ, ಆಮ್ರಪಾಲಿಯ ಕಾಟ ತಾಳಲಾರದೆ, ಓಣಿಯ ಮೂವರು ಹೆಂಗಸರನ್ನು ಕರೆದುಕೊಂಡು ಬಂದಳು. “ಒಗದ ಬಟ್ಟೀನ ಮತ್ತ ಒಗಸಾಕತ್ತೀಯಲ್ಲ, ಇದೆಂಥಾ ಶಾಣ್ಯಾತನ!” ಎಂದು ಗೊಣಗುತ್ತಲೇ ಕಲ್ಲಿಗೆ ಸೀರೆ ಬಡಿದಳು.

ಸ್ವಲ್ಪ ಹೊತ್ತಿನಲ್ಲಿ ಮಾದರಿಯ ಮೂತಿಯ ಬಳಿ ಉಬ್ಬಿದ ನೀರು ಮುಂದಕ್ಕೆ ಬಾಗಿ ಒಡೆಯಿತು.

“ಒಡೀತಲ್ಲ! ಇನ್ನ್ಯಾಕ ಮಾರಿ ಇಳಿಬಿಟ್ಟಿ?” ಉದ್ದಪ್ಪ ಕೇಳಿದ.

“ನನ್ನ ಲೆಕ್ಕಾನ ತಪ್ಪೈತಿ ಮಾಮಾ.”

ನೀರಿನ ಮೇಲ್ಮೈಗೆ ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣವಿದೆ. ಲೆಕ್ಕ ಬೇಗ ಮುಗಿಯಲೆಂದು ಅವಳು ಅದನ್ನೇ ಬಿಟ್ಟಿದ್ದಳು. ದೊಡ್ಡ ಹಡಗಿಗೆ ಅದು ನಡೆದೀತು, ಪುಟ್ಟ ಮಾದರಿಗೆ ನಡೆಯದು. ಸಾಬೂನು ಆ ಬಿಗಿಯನ್ನು ಸಡಿಲಿಸಿದ್ದರಿಂದಲೇ ಮುಂಜಾನೆಗಳು ಅವಳ ತಪ್ಪಿಗೆ ಹೊಂದಿದ್ದವು.

ಅವಳ ಸಂಶೋಧನೆಯ ಮಾರ್ಗದರ್ಶಕರು ಫೋನಿನಲ್ಲಿ ಎಲ್ಲ ಕೇಳಿ, “ಮಧ್ಯಾಹ್ನದ ಅಳತೆ ಕೈಬಿಡು. ಪ್ರಬಂಧ ಹಾಗೇ ಇರಲಿ,” ಎಂದರು.

“ಅದು ಸಾಬೂನಿನ ನೀರು, ಸರ್.”

“ಅದು ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗಿದೆಯಲ್ಲ, ಸರ್.”

ಅವರು “ನಿನ್ನಿಷ್ಟ. ವಾಪಸ್ ತಗೊಳ್ಳೋ ಪತ್ರ ನೀನೇ ಬರಿ,” ಎಂದು ಫೋನಿಟ್ಟರು.

ಅವಳು ಸೇತುವೆಯ ಮೇಲೆ ಕುಳಿತೇ ಪತ್ರ ಬರೆದು ಕಳಿಸಿದಳು. ಹಗುರವೇನೂ ಅನಿಸಲಿಲ್ಲ, ಒಂದು ವರ್ಷದ ದುಡಿಮೆ ಕೈಜಾರಿದ ಸಿಟ್ಟು ಹಾಗೇ ಇತ್ತು. ಕಾಲುವೆಗೆ ನೀರು ಬಿಡುವುದೂ ಇನ್ನು ಐದೇ ದಿನ.

“ಮುಂದೇನು?” ಉದ್ದಪ್ಪ ಕೇಳಿದ.

“ಹತ್ತಕ್ಕ ಒಗ್ಯಾಣ ಮುಗೀತೈತಿ. ನೀರು ತಿಳಿ ಆಗಾಕ ಒಂದ್ ತಾಸು. ನಾಳೆ ಹನ್ನೊಂದಕ್ಕ ಬಾ ಮಾಮಾ, ಎಲ್ಲಾ ಮೊದಲಿಂದ ಅಳೀಬೇಕು.”