ಪಂಪಾಪತಿಯ ಚೀಲ ಮತ್ತು ಒಂದು ದಸ್ತಿ

ಬೆನ್ನ ಮೇಲೆ ಚೀಲವಿಲ್ಲದಾಗಲೂ ಪಂಪಾಪತಿಯವರು ಮುಂದಕ್ಕೆ ಬಾಗಿಯೇ ನಡೆಯುತ್ತಾರೆ. ಬರಿಗೈಯಲ್ಲಿ ಬಚ್ಚಲಿಗೆ ಹೊರಟರೂ ಎದುರಿಗೆ ಯಾವುದೋ ಏರುದಾರಿ ಕಾದಿದೆಯೆಂಬಂತೆ, ಇಲ್ಲದ ಪಟ್ಟಿಗಳಿಗೆ ಎರಡೂ ಹೆಬ್ಬೆರಳು ಸಿಕ್ಕಿಸಿಕೊಂಡು, ಕತ್ತು ಮುಂದೆ ಚಾಚಿ ಹೋಗುವ ಆ ನಡಿಗೆಯನ್ನು ಮೊದಲ ಸಲ ಕಂಡಾಗ ನಾನು ಸೊಂಟನೋವೆಂದೇ ಬಗೆದು, ಕೊಪ್ಪಳದ ಮಗ್ಗುಲಿನ ನಮ್ಮ ಭಾಗ್ಯನಗರದ ಔಷಧ ಅಂಗಡಿಯಿಂದ ಒಂದು ಎಣ್ಣೆ ತಂದುಕೊಟ್ಟಿದ್ದೆ. ಅವರು ಭಕ್ತಿಯಿಂದಲೇ ತೆಗೆದುಕೊಂಡರು. ಮರುವರ್ಷ ಬಂದವರು, ಆ ಎಣ್ಣೆಯನ್ನು ಅಸ್ಸಾಮಿನಲ್ಲಿ ಒಬ್ಬ ಲಾರಿ ಚಾಲಕನ ಸೊಂಟಕ್ಕೆ ತಿಕ್ಕಿದ್ದಾಗಿಯೂ ಅವನು ನನಗೆ ನಮಸ್ಕಾರ ಹೇಳಿದ್ದಾಗಿಯೂ ವರದಿ ಒಪ್ಪಿಸಿದರು.

ಮೂವತ್ತಮೂರು ವರ್ಷ ಅವರು ಗಂಗಾವತಿಯ ಸರಕಾರಿ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ಅಂದರೆ, ಸಾಹೇಬರ ಬಾಗಿಲ ಹೊರಗೆ ಒಂದು ಮರದ ಸ್ಟೂಲಿನ ಮೇಲೆ ಕೂತಿದ್ದರು. ಸಾಹೇಬರು ಬದಲಾದರು, ಬಾಗಿಲ ಬಣ್ಣ ಬದಲಾಯಿತು, ಸ್ಟೂಲು ಬದಲಾಗಲಿಲ್ಲ. ನಿವೃತ್ತರಾದ ಮರುವಾರವೇ, ಸಾಣಾಪುರದಲ್ಲಿ ತಂಗಿದ್ದ ಪರದೇಶದ ಹುಡುಗನೊಬ್ಬ ತನ್ನ ಊರಿಗೆ ಮರಳುವಾಗ ಇವರಿಗೆ ಕೊಟ್ಟುಹೋದ ನೀಲಿ ಚೀಲವನ್ನು ಬೆನ್ನಿಗೇರಿಸಿ ಹೊರಟವರು, ಈ ಎಂಟು ವರ್ಷಗಳಲ್ಲಿ ವರ್ಷಕ್ಕೆ ಹತ್ತು ತಿಂಗಳು ದೇಶಸಂಚಾರದಲ್ಲೇ ಇದ್ದಾರೆ. ಕೇಳಿದವರಿಗೆಲ್ಲ ಒಂದೇ ಉತ್ತರ: "ಮೂವತ್ಮೂರು ವರ್ಷ ಕುಂತೀನ್ರಿ. ಆ ಕುಂತಿದ್ದನ್ನೆಲ್ಲಾ ನಡದು ತೀರಸಬೇಕು."

ಸಂಚಾರದ ದಿನಗಳ ಬಗ್ಗೆ ಅವರದೊಂದು ಅಚಲ ಸಿದ್ಧಾಂತವಿದೆ. ಮುಂಜಾನೆ ಕೆಟ್ಟರೆ ಸಂಜೆ ಒಳ್ಳೆಯದಾಗಲೇಬೇಕು. ಆದ್ದರಿಂದ ಬೆಳಿಗ್ಗೆಯೇ ಬಸ್ಸು ತಪ್ಪಿದರೆ, ಚಪ್ಪಲಿ ಹರಿದರೆ, ಬುತ್ತಿಯ ಕಟಕ ರೊಟ್ಟಿಯೆಲ್ಲ ಪುಡಿಯಾದರೆ, ಉಳಿದವರು ಹಣೆ ಚಚ್ಚಿಕೊಳ್ಳುವ ಹೊತ್ತಿನಲ್ಲಿ ಇವರ ಮುಖ ಅರಳುತ್ತದೆ. "ಇವತ್ತ ರಾತ್ರಿ ಊಟ ಛಲೋ ಸಿಗತೈತಿ" ಎನ್ನುತ್ತಾರೆ. ಸಿಗುತ್ತದೆ ಕೂಡ; ಪರವೂರಿನಲ್ಲಿ ಒಂದು ತಾಸು ಕೂತರೆ ಒಬ್ಬ ಗೆಳೆಯನನ್ನು ಮಾಡಿಕೊಳ್ಳದೆ ಏಳುವ ಜಾಯಮಾನ ಅವರದಲ್ಲ.

ಇನ್ನೊಂದು ಹಟವೂ ಇದೆ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ದಸ್ತಿ ಒಗೆದು ಜಾಗ ಹಿಡಿಯುವುದು ಸಂಪ್ರದಾಯ. ಅಂಗೈಯಗಲದ ಆ ಕೈವಸ್ತ್ರವನ್ನು ಎಂಥ ಗಟ್ಟಿಗನೂ ಕದಲಿಸಲಾರ. ಪಂಪಾಪತಿಯವರಿಗೆ ಮಾತ್ರ ದಸ್ತಿಯೆಂದರೆ ತಾತ್ಸಾರ. "ದಸ್ತಿ ಗಾಳಿಗೆ ಹಾರತೈತಿ ಮಾಸ್ತರ. ಚೀಲ ಎತ್ತಿ ಒಗೀಬೇಕಂದ್ರ ಗಂಡು ಬೇಕು" ಎಂದು ಆ ನೀಲಿ ಪರ್ವತವನ್ನೇ ಕಿಟಕಿಯಲ್ಲಿ ತೂರಿಸಿ, ನಿಶ್ಚಿಂತೆಯಿಂದ ಚಹಾಕ್ಕೆ ನಡೆಯುತ್ತಾರೆ.

ಈ ಹಟವೇ ಅವರಿಗೆ ಮುಳುವಾದ ದಿನ ನಾನು ಜೊತೆಗಿದ್ದೆ. ಅವರ ತಂಗಿ ಪಕ್ಕೀರವ್ವನ ಮಗಳು ಅಮೃತಾ ಚೊಚ್ಚಲ ಬಸುರಿ. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ, ತವರಿನಲ್ಲಿ, ಅಂದು ಹನ್ನೆರಡಕ್ಕೆ ಕುಬಸದ, ಅಂದರೆ ಸೀಮಂತದ, ಕಾರ್ಯ. ಹಸಿರು ಸೀರೆ, ರವಿಕೆಯ ಖಣದ ಉಡುಗೊರೆ ಕೊಟ್ಟು ಆಯೇರಿ ಮಾಡಬೇಕಾದವರು ಸೋದರಮಾವ. ಅಮೃತಾಳ ಮದುವೆಗೆ ಈ ಮಾವ ತಲುಪಿದ್ದು ಚಪ್ಪರ ಬಿಚ್ಚುವಾಗ. ಆ ಸಿಟ್ಟನ್ನು ಹುಡುಗಿ ಮರೆತಿರಲಿಲ್ಲ. "ಈ ಸಲ ನೀ ಬರೋತನಕ ನಾ ಆರತಿಗೆ ಕುಂದ್ರಂಗಿಲ್ಲ ಮಾಮಾ, ಹೊತ್ತ ಮುಳುಗಿದ್ರೂ ಮುಳುಗಲಿ" ಎಂದು ಫೋನಿನಲ್ಲಿ ಹೇಳಿದ್ದಳು. ಬಸುರಿಯನ್ನು ಉಪವಾಸ ಕೂರಿಸಿದ ಪಾಪ ಬೇಡವೆಂದು ಇವರು ಎಲ್ಲಿಂದಲೋ ಓಡಿಬಂದು, ಗುಳೇದಗುಡ್ಡದಲ್ಲಿ ಖಣ ಆರಿಸಿ, ನಮ್ಮ ಓಣಿಯ ಮಗ್ಗದಲ್ಲೇ ಸೀರೆ ಕೊಂಡು, ಎರಡನ್ನೂ ಚೀಲಕ್ಕೆ ತುಂಬಿ, ರಾತ್ರಿ ನಮ್ಮ ಮನೆಯಲ್ಲಿ ತಂಗಿದ್ದರು.

ಕೊಪ್ಪಳದ ನಿಲ್ದಾಣದಲ್ಲಿ ಜನಜಂಗುಳಿ. ಎರಡು ಬಸ್ಸುಗಳು ಮಗ್ಗುಲಿಗೆ ಮಗ್ಗುಲು ಹಚ್ಚಿ ನಿಂತಿದ್ದವು. ಪಂಪಾಪತಿಯವರು ಹಿಂದಿನಿಂದಲೇ ನುಗ್ಗಿ ಒಂದರ ಕಿಟಕಿಯಲ್ಲಿ ಚೀಲ ತೂರಿದರು. "ಬೋರ್ಡು ನೋಡಬಾರದೆ?" ಎಂದೆ. "ಬೋರ್ಡ ನೋಡೋದು ಹೊಸಬರ ಕೆಲಸರಿ!" ಎಂದು ನಕ್ಕರು. ಚಹಾ ಇನ್ನೂ ಅರ್ಧ ಕಪ್ಪು ಉಳಿದಿತ್ತು. ಚೀಲ ಹೊತ್ತ ಬಸ್ಸು ನಮ್ಮೆದುರಿಗೇ ತಿರುಗಿತು. ಅದರ ಹಣೆಯ ಮೇಲೆ ಕುಷ್ಟಗಿ ಎಂದು ಬರೆದಿತ್ತು. ಕೂಗುತ್ತ ಓಡಿದೆವು. ಧೂಳು ಮಾತ್ರ ಸಿಕ್ಕಿತು.

ಆಗ ನಾನು ಎಂಟು ವರ್ಷಗಳಲ್ಲಿ ಕಾಣದ್ದನ್ನು ಕಂಡೆ. ಪಂಪಾಪತಿಯವರು ನೆಟ್ಟಗೆ ನಿಂತಿದ್ದರು. ಅಷ್ಟು ಎತ್ತರದ ಮನುಷ್ಯನೆಂದು ನನಗೆ ಗೊತ್ತೇ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಮುಂಜಾನೆ ಕೆಟ್ಟಿತ್ತು, ಆದರೆ ಆ ಮುಖ ಅರಳಲಿಲ್ಲ. ಇತ್ತ ಯಲಬುರ್ಗಾ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಿದ್ದ. ಕುಷ್ಟಗಿಗೆ ಬೆನ್ನಟ್ಟಿ ಹೋದರೆ ಸೀರೆ ಸಿಗಬಹುದು, ಹನ್ನೆರಡು ಗಂಟೆ ಸಿಗದು. ಈ ಬಸ್ಸು ಹತ್ತಿದರೆ ಹೊತ್ತಿಗೆ ತಲುಪಬಹುದು, ಬರಿಗೈಯಲ್ಲಿ. ಸೋದರಮಾವ ಬರಿಗೈಯಲ್ಲಿ ಕುಬಸಕ್ಕೆ ಹೋಗುವುದೆಂದರೆ ನಮ್ಮಲ್ಲಿ ನಾಲ್ಕು ತಲೆಮಾರು ಆಡಿಕೊಳ್ಳುವ ಮಾತು.

"ಚೀಲದ ಹಿಂದೆ ಹೋಗೋಣ" ಎಂದೆ ನಾನು.

ಅವರು ಯಲಬುರ್ಗಾ ಬಸ್ಸಿನತ್ತ ಹೆಜ್ಜೆ ಹಾಕಿದರು. "ಬ್ಯಾಡ್ರಿ ಮಾಸ್ತರ. ಆಕಿ ಸೀರಿಗೆ ಬಾ ಅಂದಿಲ್ಲ, ನನಗ ಬಾ ಅಂದಾಳ."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀಲ ಕುಷ್ಟಗಿಯ ದಾರಿಯಲ್ಲಿ ಸುಖವಾಗಿ ಕೂತು ಹೋಗುತ್ತಿತ್ತು. ಚೀಲದ ಒಡೆಯರು ಒಂಟಿಗಾಲಲ್ಲಿ ನಿಂತು ಹೋಗುತ್ತಿದ್ದರು. ನಿಂತಲ್ಲಿಂದಲೇ ಗುಂಡಿ ಫೋನು ತೆಗೆದು, ಕುಷ್ಟಗಿ ನಿಲ್ದಾಣದಲ್ಲಿ ಚಹಾದಂಗಡಿ ಇಟ್ಟ ಗೆಳೆಯ ದುರಗೇಶನಿಗೆ ಹೇಳಿದರು: "ನೀಲಿ ಚೀಲ. ಕೊಪ್ಪಳ ಬಸ್ಸಿನಾಗ ಎಡಕ್ಕ ಕುಂತೈತಿ. ಇಳಿಸ್ಕೋ ತಮ್ಮಾ. ನಾ ಮಂಗಳೂರಾಗ ತಂಗಿ ಮನಿಗೆ ಕುಬಸಕ್ಕ ಹೊಂಟೀನಿ." ಅವನೇನೋ ಅನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು. ಮತ್ತೆ ಸಿಗಲಿಲ್ಲ.

ಮಂಗಳೂರು ತಲುಪಿದಾಗ ಹನ್ನೊಂದೂವರೆ. ಪಕ್ಕೀರವ್ವ ಹೊಸ್ತಿಲಲ್ಲೇ ಅಣ್ಣನ ಬೆನ್ನು ನೋಡಿ, "ಅಣ್ಣಾ, ಚೀಲ ಎಲ್ಲಿ?" ಎಂದಳು. "ಹಿಂದಿನ ಬಸ್ಸಿಗೆ ಬರತೈತಿ" ಎಂದರು. ಅಮೃತಾ ಏನನ್ನೂ ಕೇಳದೆ ಮಣೆಯ ಮೇಲೆ ಹೋಗಿ ಕೂತಳು. ಆರತಿಗೆ ಮೊದಲು ಹಿರಿಯರು "ಸೋದರಮಾವನ ಆಯೇರಿ ತರ್ರಿ" ಎಂದು ಕೂಗಿದಾಗ ಅಂಗಳವೆಲ್ಲ ಇವರತ್ತ ತಿರುಗಿತು. ಪಂಪಾಪತಿಯವರು ಅಂಗಿಯ ಕಿಸೆ ತಡವಿದರು. ಒಳಗಿದ್ದದ್ದು ಒಂದು ಮಾಸಿದ ದಸ್ತಿ ಮಾತ್ರ. ಅದನ್ನೇ ಜಾಡಿಸಿ, ನಾಲ್ಕು ಮಡಿಕೆ ಮಾಡಿ, ಸೋದರಸೊಸೆಯ ಉಡಿಯಲ್ಲಿಟ್ಟರು.

"ಸೀರಿ ಜಾಗಾ ಹಿಡದೀನವ್ವಾ. ಯಾರೂ ತಗೀಬ್ಯಾಡ್ರಿ."

ಮೊದಲು ಅಮೃತಾ ನಕ್ಕಳು. ಆಮೇಲೆ ಅಂಗಳವೇ ನಕ್ಕಿತು. ಇವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ನಾಲ್ಕು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಬೈಕಿನ ಸದ್ದಾಯಿತು. ಅಂಗಡಿಗೆ ಬೀಗ ಜಡಿದು ಬಂದ ದುರಗೇಶ, ಬೆನ್ನ ಮೇಲಿನ ನೀಲಿ ಚೀಲದ ಭಾರಕ್ಕೆ ಥೇಟ್ ಪಂಪಾಪತಿಯವರಂತೆಯೇ ಮುಂದಕ್ಕೆ ಬಾಗಿ ಒಳಗೆ ಬಂದ. ಹಸಿರು ಸೀರೆ, ಖಣ ಹೊರಬಂದವು, ಇನ್ನೊಮ್ಮೆ ಆರತಿಯಾಯಿತು. ಹೋಳಿಗೆ ತಟ್ಟೆಯ ಮುಂದೆ ಕೂತ ಪಂಪಾಪತಿಯವರು, "ನಾ ಹೇಳಿದ್ದಿಲ್ಲೇನ್ರಿ, ಮುಂಜಾನಿ ಕೆಟ್ಟರ..." ಎಂದು ಶುರುಮಾಡಿದರು. ಹೋದ ಜೀವ ಬಂದಿತ್ತು.

ಹೊರಡುವಾಗ "ಸೀರಿ ಬಂತಲ್ಲ, ನನ್ನ ದಸ್ತಿ ಕೊಡವ್ವಾ" ಎಂದು ಕೈಚಾಚಿದರು. ಅಮೃತಾ ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಿದ್ದಳು.

"ಕೊಡಂಗಿಲ್ಲ. ತೊಟ್ಟಲಾ ಕಟ್ಟಿದ ದಿನಾ ಅದರ ಬಾಜೂಕ ಹಾಸಿ ನಿನ್ನ ಜಾಗಾ ಹಿಡೀತೀನಿ. ಬಂದು ಇಸ್ಕೊಂಡು ಹೋಗು."

ತಿರುಗುವವರಿಗೆ ನೆಲೆಯಿಲ್ಲ, ಯಾರ ಹಂಗೂ ಇಲ್ಲ ಎಂದು ಕೂತಲ್ಲೇ ಕೂತ ನಮ್ಮಂಥವರು ಸುಲಭವಾಗಿ ಹೇಳಿಬಿಡುತ್ತೇವೆ. ಪಂಪಾಪತಿಯವರನ್ನು ಕಂಡ ಮೇಲೆ ನಾನು ಆ ಮಾತು ಬಿಟ್ಟಿದ್ದೇನೆ. ದೇಶವೆಲ್ಲ ಸುತ್ತುವ ಈ ಜಾತಿಯ ಜನ ಬೆನ್ನ ಮೇಲಿನ ಚೀಲವನ್ನು ನಂಬಿ ಹೊರಡುವುದಿಲ್ಲ. ಎಲ್ಲೋ ಒಂದು ಮನೆಯಲ್ಲಿ ಯಾರೋ ತಮಗಾಗಿ ಜಾಗ ಹಿಡಿದು ಕಾಯುತ್ತಾರೆಂದು ನಂಬಿ ಹೊರಡುತ್ತಾರೆ, ಹೊತ್ತು ಮೀರುವುದರೊಳಗೆ ಅಲ್ಲಿಗೆ ಬರುತ್ತಾರೆ.