ಭಾವನ ಬೂಟು

ನನ್ನ ಭಾವ ಸಮುದ್ರದಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎರಡು ವರ್ಷ ಊರೆಲ್ಲ ಅವರನ್ನು 'ಅಲೆಗಳ ಕಲಾವಿದ' ಎಂದು ಹೊತ್ತು ಮೆರೆಸಿತು. ಪತ್ರಿಕೆಯಲ್ಲಿ ಅರ್ಧ ಪುಟದ ಫೋಟೋ ಬಂದಿತ್ತು. ಕಂಕುಳಲ್ಲಿ ಸರ್ಫ್ ಹಲಗೆ, ಸಲೂನಿನಲ್ಲಿ ಕೆಂಚು ಮಾಡಿಸಿಕೊಂಡ ಕೂದಲು, ಎಲ್ಲೋ ದೂರಕ್ಕೆ ನೆಟ್ಟ ನೋಟ. ಹಲಗೆಯ ಬಾಲ ಮುಂದಿತ್ತು, ಮೂಗು ಹಿಂದಿತ್ತು. ನಾನು ಆ ಪುಟವನ್ನು ಬಚ್ಚಲಿನ ಬಾಗಿಲಿಗೆ ಅಂಟಿಸಿದ್ದೆ. ದಿನಾ ಬೆಳಿಗ್ಗೆ ಮೊದಲು ಹಲ್ಲು ಉಜ್ಜುತ್ತಿದ್ದೆ, ಆಮೇಲೆ ಅದನ್ನು ನೋಡಿ ಹಲ್ಲು ಕಡಿಯುತ್ತಿದ್ದೆ.

ಅವರಿಗೆ ಆ ಹೆಸರು ತಂದುಕೊಟ್ಟ ಅಲೆಯ ಚಿತ್ರಗಳೆಲ್ಲ ನನ್ನವು.

ಅಲೆ ಏರುವವರ ಗುಂಪಿನಲ್ಲಿ ನನಗೆ 'ಏಡಿ' ಅಂತ ಹೆಸರು. ಹಲಗೆಯ ಮೇಲೆ ನಾನು ಸೊಂಟ ಬಗ್ಗಿಸಿ, ಕೈ ಅಗಲಿಸಿ, ಅಡ್ಡಡ್ಡ ಸರಿಯುತ್ತೇನೆ ಅಂತ ಯಾರೋ ರೇಗಿಸಿದ್ದು ಹಾಗೇ ಅಂಟಿಕೊಂಡಿತು. ಹದಿನೆಂಟಕ್ಕೇ ಮನೆ ಬಿಟ್ಟು ಅಲೆ ಇರುವ ಕಡೆಯೆಲ್ಲ ಅಲೆದೆ. ಮೀನಿನ ಲಾರಿಯ ಹಿಂದೆ ಹಲಗೆಯನ್ನು ತಬ್ಬಿಕೊಂಡು ಕೂತು ಹೋಗಿದ್ದೇನೆ. ಲಾಡ್ಜಿನ ಗೋಡೆಗೆ ಚಿತ್ರ ಬರೆದುಕೊಟ್ಟು ಅದೇ ಲಾಡ್ಜಿನಲ್ಲಿ ತಿಂಗಳುಗಟ್ಟಲೆ ಇದ್ದಿದ್ದೇನೆ. ಕೆಂಪು ಮರಳಿನ ದ್ವೀಪದಲ್ಲಿ ಒಂದು ಮಳೆಗಾಲ, ಹಡಗು ಒಡೆಯುವ ಬಂದರಿನ ಪಕ್ಕದಲ್ಲಿ ಒಂದು ಬೇಸಿಗೆ. ಎಲ್ಲಿಗೆ ಹೋದರೂ ನೋಡಬೇಕಾಗಿದ್ದದ್ದು ಒಂದೇ. ಅಲೆ ತಲೆಯ ಮೇಲೆ ಮಡಚಿಕೊಂಡು ಬೀಳುವ ಮುಂಚೆ ಅದರೊಳಗೆ ಒಂದು ಗಳಿಗೆ ಬೆಳಕು ಹಸಿರಾಗುತ್ತದೆ. ದಡದಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ. ಅದನ್ನು ಬರೆಯಬೇಕು ಅಂತಲೇ ನಾನು ಬದುಕಿದ್ದು.

ಬರೆಯುತ್ತಿದ್ದದ್ದು ಮೇಣದಲ್ಲಿ. ಕಾಲು ಜಾರದಿರಲಿ ಅಂತ ಸರ್ಫ್ ಹಲಗೆಯ ಮೇಲೆ ಮೇಣ ತಿಕ್ಕುತ್ತೇವೆ. ಕೆಲವು ವಾರಕ್ಕೆ ಅದು ಮರಳು, ಉಪ್ಪು, ಅಂಗಾಲಿನ ಕೊಳೆ ಎಲ್ಲ ಹಿಡಿದು ಕಪ್ಪಾಗುತ್ತದೆ. ಎಲ್ಲರೂ ಅದನ್ನು ಕೆರೆದು ಬಿಸಾಡುತ್ತಾರೆ. ನಾನು ಕೆರೆದು ಡಬ್ಬಿಗೆ ಹಾಕಿಕೊಳ್ಳುತ್ತಿದ್ದೆ. ಯಾವ ಕಡಲಿನ ಅಲೆಯೋ ಅದೇ ಕಡಲಿನ ಮೇಣ. ಕರಗಿಸಿ, ಬಣ್ಣದ ಪುಡಿ ಕಲಸಿ, ಪ್ಲೈವುಡ್ ಮೇಲೆ ಚಾಕುವಿನಲ್ಲಿ ಬಳಿಯುತ್ತಿದ್ದೆ. ಸಹಿ ಮಾತ್ರ ಹಾಕುತ್ತಿರಲಿಲ್ಲ. ಅಲೆಗೆ ಯಾರ ಸಹಿ ಅಂತ ದೊಡ್ಡದಾಗಿ ಮಾತಾಡುತ್ತಿದ್ದೆ.

ಮುಗಿದ ಚಿತ್ರಗಳನ್ನೆಲ್ಲ ಅಕ್ಕನ ಮನೆಯ ಅಟ್ಟಕ್ಕೆ ಕಳಿಸುತ್ತಿದ್ದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳ ಗಂಡನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಕೈಕೆಲಸ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಅವರು ಕಟ್ಟು ಹಾಕಿದರೆ ಮೂಲೆಯಲ್ಲಿ ಕೂದಲೆಳೆಯಷ್ಟೂ ಸಂದು ಕಾಣದು. ಒಂದು ದಿನ ನನ್ನ ಚಿತ್ರವೊಂದಕ್ಕೆ ಕಟ್ಟು ಹಾಕಿ ಅಂಗಡಿಯಲ್ಲಿ ತೂಗುಹಾಕಿದರಂತೆ. ಬಂದ ಗಿರಾಕಿ ಬಾಯಿ ಬಿಟ್ಟುಕೊಂಡು ನಿಂತು, "ಯಾರದ್ರೀ ಇದು?" ಅಂದನಂತೆ. ಭಾವ, "ನಂದೇ" ಅಂದರು.

ಆ ಹೊತ್ತಿಗೆ ನಾನು ಕೊರೆಯುವ ಚಳಿಯ ಕಡಲೊಂದರ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಅಲೆ ನನ್ನನ್ನು ಬಂಡೆಗೆ ಬಡಿದಿತ್ತು. ಹಲಗೆ ಎರಡು ತುಂಡಾಗಿತ್ತು, ಮಂಡಿ ಎಷ್ಟು ತುಂಡಾಯಿತೋ ಡಾಕ್ಟರು ಲೆಕ್ಕ ಹೇಳಲಿಲ್ಲ. ಇನ್ನು ಹಲಗೆಯ ಮೇಲೆ ನಿಲ್ಲುವ ಮಾತಿಲ್ಲ ಅಂದರು. ಆ ಊರಿನಲ್ಲೇ, ನಡೆಯಲು ಕಲಿಯುತ್ತಿದ್ದಾಗ, ಮುರಿದ ಹಲಗೆಯ ಎರಡೂ ತುಂಡುಗಳ ಮೇಲೆ ಆ ಅಲೆಯನ್ನೇ ಬರೆದೆ. ನನ್ನನ್ನು ಮುರಿದ ಅಲೆ. ಒಳಗಿನಿಂದ, ಆ ಹಸಿರು ಬೆಳಕಿನ ಸಮೇತ. ಜೀವಮಾನದಲ್ಲಿ ಒಂದೇ ಒಂದು ಸಲ ಕೈ ನನ್ನ ಮಾತು ಕೇಳಿತು ಅಂದರೆ ಅದು ಆಗ.

ಊರುಗೋಲು ಊರಿಕೊಂಡು ಊರಿಗೆ ಬಂದರೆ ಅಟ್ಟ ಖಾಲಿ. ಚಿತ್ರಗಳೆಲ್ಲ ಅಂಗಡಿಯ, ಕೊಂಡವರ ಮನೆಗಳ ಗೋಡೆಯ ಮೇಲಿದ್ದವು, ಒಂದೊಂದರ ಮೂಲೆಯಲ್ಲೂ ಭಾವನ ಸಹಿ ಬಳ್ಳಿಯಂತೆ ಹಬ್ಬಿತ್ತು. ಅಕ್ಕನನ್ನು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಮೇಜು ಒರೆಸುತ್ತಾ, "ಮನೆ ವಿಷಯ ಬೀದಿಗೆ ತರಬೇಡ ಕಣೇ. ನಿಂಗೆ ಹೆಸರಿನ ಆಸೆ ಇಲ್ಲ ಅಂತ ನೀನೇ ಹೇಳ್ತಿದ್ದೆ. ಅವರಿಗೆ ಜೀವನದಲ್ಲಿ ಮೊದಲನೇ ಸಲ ನಾಕು ಜನ ನಮಸ್ಕಾರ ಮಾಡ್ತಿದ್ದಾರೆ," ಅಂದಳು.

ಮೈ ಉರಿದುಹೋಯಿತು. ಕಂಡಕಂಡವರಿಗೆ ಹೇಳಿದೆ. ಯಾರೂ ನಂಬಲಿಲ್ಲ. ಕುಂಟಿಯ ಹೊಟ್ಟೆಕಿಚ್ಚು ಅಂದರು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡೆ. ಸುಮ್ಮನಾದೆ ಅಂತಲ್ಲ. ಕಾಯುತ್ತಿದ್ದೆ.

ನಾನಿದ್ದದ್ದು ಹಲಗೆ ತಾತನ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ. ತಾತ ಸರ್ಫ್ ಹಲಗೆ ಮಾಡುವವನು. ನನ್ನ ಮುರಿದ ಹಲಗೆಯೂ ಅವನು ಮಾಡಿದ್ದೇ. ನಾನು ಹಲಗೆಗಳ ಮೇಲೆ ಬಣ್ಣ ಬರೆದುಕೊಡುತ್ತಿದ್ದೆ. ಬಿಳಿ ಫೋಮನ್ನು ಉಜ್ಜಿ ಆಕಾರಕ್ಕೆ ತಂದು, ಅದರ ಮೇಲೆ ಬಣ್ಣ ಬರೆದು, ಆಮೇಲೆ ಫೈಬರ್ ಬಟ್ಟೆ ಹಾಸಿ ರೆಸಿನ್ ಸುರಿಯುತ್ತಾರೆ. ಅದು ಒಣಗಿ ಗಾಜಿನಂತಾದ ಮೇಲೆ ಒಳಗಿನದನ್ನು ಯಾರ ಅಪ್ಪನೂ ಅಳಿಸಲಾರ. ರೆಸಿನ್ ಸುರಿಯುವ ಮುಂಚೆ ತಾತ ಫೋಮಿನ ನಡುಗೆರೆಯ ಪಕ್ಕ ಪೆನ್ಸಿಲಿನಲ್ಲಿ ಹಲಗೆಯ ಅಳತೆ, ಯಾರಿಗೆ ಮಾಡಿದ್ದು ಅನ್ನುವುದನ್ನು ಬರೆಯುತ್ತಿದ್ದ. ಈ ಕಸುಬಿನವರೆಲ್ಲ ಹಾಗೇ.

ಕೋಣೆಯ ಗೋಡೆ ದಪ್ಪ, ಕಿಟಕಿ ಸಣ್ಣದು, ಹಗಲಲ್ಲೂ ತಣ್ಣಗಿರುತ್ತಿತ್ತು. ಆ ಕೋಣೆ ಹಿಡಿದದ್ದೇ ಅದಕ್ಕೆ. ಮುರಿದ ಹಲಗೆಯ ಮೇಲೆ ಬರೆದ ಚಿತ್ರ ಅಲ್ಲಿ ಗೋಡೆಗೆ ಒರಗಿತ್ತು. ಬೇಸಿಗೆಯಲ್ಲಿ ಅದಕ್ಕೆ ಒದ್ದೆ ಬಟ್ಟೆ ಹೊದಿಸಿ ಫ್ಯಾನು ತಿರುಗಿಸಿಡುತ್ತಿದ್ದೆ. ನನಗೆ ಸೆಕೆಯಾದರೆ ಆಗಲಿ, ಅದಕ್ಕೆ ಆಗಬಾರದು.

ಒಂದು ಮಧ್ಯಾಹ್ನ ಅಕ್ಕ, ಭಾವ ಇಬ್ಬರೂ ಅಲ್ಲಿಗೆ ಬಂದರು. ಊರಿನ ದೊಡ್ಡ ಗ್ಯಾಲರಿ ಅವರಿಗೆ ಪ್ರದರ್ಶನ ಕೊಟ್ಟಿತ್ತು. ಹೊಸ ಚಿತ್ರ ಒಂದಾದರೂ ಬೇಕೇಬೇಕು ಅಂದಿದ್ದರಂತೆ. ಅಟ್ಟದಲ್ಲಿ ಇನ್ನೇನೂ ಉಳಿದಿರಲಿಲ್ಲ. ಅಕ್ಕ ಆ ಕಡೆ ಈ ಕಡೆ ನೋಡಿ, "ಇದೊಂದೇ ಸಲ ಕಣೇ," ಅಂದಳು.

ಭಾವ ಅಷ್ಟರಲ್ಲೇ ಒದ್ದೆ ಬಟ್ಟೆ ಎತ್ತಿ ನೋಡಿದ್ದರು. ಮುಖ ಊರಗಲವಾಯಿತು.

"ಇದು ಕಣಮ್ಮಾ! ಇದು ಬೇಕಾಗಿತ್ತು! ಯಾಕೆ ಒದ್ದೆ ಬಟ್ಟೆ ಹಾಕಿದ್ದೀಯಾ?"

"ಧೂಳು," ಅಂದೆ.

"ಕೊಡ್ತೀಯಾ?"

ಇಲ್ಲಿ ಮೇಣದ ಬಗ್ಗೆ ಒಂದು ಮಾತು. ಬಿಸಿಲ ನಾಡಿನ ಕಡಲಿಗೆ ಬಳಸುವ ಮೇಣ ಗಟ್ಟಿ. ಚಳಿ ಕಡಲಿನದು ಬೆಣ್ಣೆಯಂಥ ಮೆದು. ಅಟ್ಟದ ಚಿತ್ರಗಳೆಲ್ಲ ಗಟ್ಟಿ ಮೇಣದವು, ಯಾವ ಗೋಡೆಯ ಮೇಲಾದರೂ ನಿಂತಾವು. ಇದು ಚಳಿ ಕಡಲಿನ ಮೇಣ, ಅದೂ ಒರಟು ಪ್ಲೈವುಡ್ಡಿನ ಮೇಲಲ್ಲ, ನುಣ್ಣನೆಯ ರೆಸಿನ್ ಮೇಲೆ. ಒಂದೇ ಒಂದು ಸಲ ಅಲೆಯ ಮೇಲೆ ನಿಂತವನಾದರೂ ಮೇಣ ಕಂಡೊಡನೆ ಕೇಳುವ ಮೊದಲನೇ ಪ್ರಶ್ನೆ, "ಯಾವ ನೀರಿಂದು?" ಅಂತ. ಭಾವ ಕೇಳುತ್ತಾರಾ ಅಂತ ಕಾದೆ. ಕೇಳಿದ್ದರೆ ನಿಜ ಹೇಳುತ್ತಿದ್ದೆನೇ? ಹೇಳುತ್ತಿರಲಿಲ್ಲ. ಆದರೂ ಕೇಳಬೇಕಿತ್ತು.

ಅವರು ಕೇಳಿದ್ದು ಬೇರೆ. "ಲೈಟು ಹೆಂಗೆ ಹಾಕಿಸ್ಲಿ?"

ನಾನು ಆ ಚಿತ್ರದ ಕಡೆ ನೋಡಿದೆ. ಮಂಡಿ ಮುರಿದ ಮೇಲೆ ನನಗೆ ಉಳಿದದ್ದು ಅದೊಂದೇ. ಇನ್ನೊಂದು ಬರೆಯಲು ಆ ಕಡಲಿಗೆ ನಾನು ಮತ್ತೆ ಇಳಿಯುವಂತಿಲ್ಲ, ಡಬ್ಬಿಯಲ್ಲಿ ಆ ಮೇಣವೂ ಇಲ್ಲ. ಬೇಡ, ಇಟ್ಟುಕೋ, ಇವರು ಹಾಳಾಗಿ ಹೋಗಲಿ ಅಂತ ಒಂದು ಮನಸ್ಸು ಅಳುತ್ತಿತ್ತು. ಇನ್ನೊಂದು ಮನಸ್ಸು ಬಚ್ಚಲಿನ ಬಾಗಿಲಿನ ಆ ಫೋಟೋವನ್ನು ನೆನೆಸಿಕೊಂಡಿತು.

"ಹತ್ತಿರದಿಂದ ಹಾಕಿಸಿ ಭಾವ," ಅಂದೆ. "ನಿಮ್ಮ ಅಂಗಡೀಲಿ ದೊಡ್ಡ ಫೋಕಸ್ ಲೈಟಿವೆಯಲ್ಲ, ಅವನ್ನೇ. ಬೆಳಕು ಎಷ್ಟು ಬಿದ್ರೆ ಅಷ್ಟು ಏಳುತ್ತೆ ಅಲೆ."

ಭಾವ ನನ್ನ ತಲೆ ಸವರಿದರು. "ನೀನು ಒಳ್ಳೆಯವಳು ಕಣಮ್ಮಾ." ಆ ಕೈಯನ್ನು ನಾನು ಕಚ್ಚದೆ ಬಿಟ್ಟದ್ದು ದೊಡ್ಡದು.

ಪ್ರದರ್ಶನದ ಸಂಜೆ ತಾತನನ್ನೂ ಕರೆದುಕೊಂಡು ಹೋದೆ. ಬಿಳಿ ಗೋಡೆಯ ದೊಡ್ಡ ಹಾಲು. ನಡುವಿನ ಗೋಡೆಯ ಮೇಲೆ, ಭಾವನ ಕೈಯ ತೇಗದ ಕಟ್ಟಿನೊಳಗೆ, ಎರಡು ತುಂಡುಗಳನ್ನೂ ಸಂದಿಲ್ಲದಂತೆ ಕೂಡಿಸಿದ ನನ್ನ ಅಲೆ. ಎರಡೂ ಕಡೆಯಿಂದ ಫೋಕಸ್ ಲೈಟು ಮುಖಕ್ಕೆ ಹೊಡೆಯುತ್ತಿತ್ತು. ಒಂದು ಗಳಿಗೆ ನಾನೇ ಉಸಿರು ಬಿಡಲಿಲ್ಲ. ಅಷ್ಟು ಚೆನ್ನಾಗಿತ್ತು. ಹೋಗಿ ಸ್ವಿಚ್ ಆರಿಸಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಭಾವ ಮೈಕ್ ಹಿಡಿದರು. ಬಿಳಿ ಅಂಗಿ, ಮಿರಮಿರ ಮಿಂಚುವ ಹೊಸ ಕಂದು ಬೂಟು. ಚಿತ್ರದ ಕೆಳಗೇ ನಿಂತು, "ಈ ಅಲೆ ನನ್ನ ಮಂಡಿ ಮುರೀತು," ಅಂದರು. "ನೋವಿನಲ್ಲೇ ಇದನ್ನ ಬರೆದೆ." ಜನ ಅಯ್ಯೋ ಅಂದರು. ಭಾವ ಒಂದೆರಡು ಹೆಜ್ಜೆ ಕುಂಟಿಯೂ ತೋರಿಸಿದರು!

ಸ್ವಿಚ್ಚಿನ ಯೋಚನೆ ಅಲ್ಲಿಗೆ ಸತ್ತುಹೋಯಿತು.

ಮೊದಲು ನೊರೆ ಹೊಳೆಯಿತು. ಆಮೇಲೆ ಒಂದು ಬಿಳಿ ಹನಿ ಕಟ್ಟಿನ ಅಂಚಿಗೆ ಇಳಿದು ಭಾವನ ಬೂಟಿನ ಮೇಲೆ ಬಿತ್ತು. ಅವರಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅಲೆಯ ತುದಿಯೇ ಮಡಚಿಕೊಂಡು ಕೆಳಕ್ಕೆ ಜಾರಿತು. ನೀಲಿ, ಹಸಿರು, ಬಿಳಿ, ಎಲ್ಲ ಗಂಜಿಯಂತೆ ಸುರಿದು ಅವರ ಪಾದದ ಸುತ್ತ ಗುಡ್ಡೆಯಾಗತೊಡಗಿತು. ಭಾವ ತಿರುಗಿ ನೋಡಿ ಸುಣ್ಣದ ಹಾಗೆ ಬಿಳುಚಿಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ, "ವಾಹ್! ಅಲೆ ನಿಜವಾಗ್ಲೂ ಒಡೀತಿದೆ!" ಅಂದರು. ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಹಾಲು.

ಭಾವನಿಗೆ ಅರೆ ಗಳಿಗೆ ಸಾಕಾಯಿತು. ಮೈಕ್ ಬಾಯಿಯ ಹತ್ತಿರ ತಂದು, "ಹೌದು," ಅಂದರು. "ಇದೇ ನನ್ನ ಉದ್ದೇಶ. ಅಲೆ ಅಂದ್ಮೇಲೆ ಒಡೀಲೇಬೇಕು." ಇನ್ನೂ ಜೋರು ಚಪ್ಪಾಳೆ. ನನ್ನ ಚಿತ್ರವೂ ಹೋಯಿತು, ನನ್ನ ಸೇಡನ್ನೂ ಕದ್ದುಬಿಟ್ಟರು ಈ ಮನುಷ್ಯ ಅಂತ ಕಣ್ಣು ಕತ್ತಲೆ ಬಂತು. ತಾತ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ತಡಿ," ಅಂದ. "ತಳದಲ್ಲಿ ನಂದೂ ಇದೆಯಲ್ಲ."

ಮೇಣ ಜಾರಿದ ಕಡೆ ಕೆಂಪು ಕಾಣತೊಡಗಿತು. ಮೊದಲು ಒಂದು ಕೊಂಡಿ, ಆಮೇಲೆ ಬೆನ್ನು, ಆಮೇಲೆ ಕಾಲುಗಳು. ಆ ಹಲಗೆ ಮಾಡಿಸುವಾಗಲೇ ರೆಸಿನ್ ಒಳಗೆ ನಾನು ಬರೆದಿದ್ದ ಏಡಿ, ಬಂಡೆಗೆ ಬಡಿದು ನಡುವೆ ಸೀಳಿದ್ದು, ಒಂದು ಗೀರೂ ಮಾಸದೆ ಹೊರಬಂತು. ಅಲೆ ಏರುವ ನಮ್ಮ ಗುಂಪಿನವರು ಮೂಲೆಯಲ್ಲಿ ನಿಂತಿದ್ದರು. ಅವರ ಚಪ್ಪಾಳೆ ಮೊದಲು ನಿಂತಿತು.

"ಏಡಿ ನಿಮ್ಮದೇನ್ರೀ?" ಅಂತ ಅವರಲ್ಲೊಬ್ಬ ಕೂಗಿದ.

"ನಂದೇ," ಅಂದರು ಭಾವ. ಮತ್ತೆ ಅದೇ ಮಾತು.

ಆಗ ನಡುಗೆರೆಯ ಮೇಲಿನ ಕೊನೆಯ ಮೇಣವೂ ಇಳಿಯಿತು. ದೊಡ್ಡ ಲೈಟಿನಲ್ಲಿ ಪೆನ್ಸಿಲಿನ ಗೆರೆಗಳು ಕೂಡ ಸ್ಪಷ್ಟವಾಗಿ ಕಂಡವು. ಮುಂದಿನ ಸಾಲಿನ ಹೆಂಗಸೊಬ್ಬರು ಕನ್ನಡಕ ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಓದಿದರು. "ನಮ್ಮ ಏಡಿ ಹುಡುಗಿಗೆ. ಬೀಳಬೇಡ್ವೇ."

ತಾತ ನಿಧಾನಕ್ಕೆ ಮುಂದೆ ನಡೆದ. "ಅದು ನನ್ನ ಅಕ್ಷರ," ಅಂದ. "ಹುಡುಗಿ ಅಗೋ ಅಲ್ಲಿದ್ದಾಳೆ. ಮಂಡಿ ಮುರಿದಿದ್ದು ಅವಳದು. ನೀನು ಯಾವ ಕಾಲು ಕುಂಟಿದೆಯಪ್ಪಾ? ನಾನು ಸರಿಯಾಗಿ ನೋಡ್ಲಿಲ್ಲ. ಇನ್ನೊಂದು ಸಲ ಕುಂಟು."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಗು ಗೋಡೆಯಿಂದ ಗೋಡೆಗೆ ಹಬ್ಬಿತು. ಭಾವ ಮೈಕ್ ಕೆಳಗಿಟ್ಟು ಬಾಗಿಲ ಕಡೆ ಹೊರಟರು. ಹೊರಟರು ಅಂದೆನಲ್ಲ, ಹೊರಡಲು ನೋಡಿದರು. ಅಷ್ಟರಲ್ಲಿ ನೆಲದ ತಂಪಿಗೆ ಮೇಣ ಮತ್ತೆ ಬಿಗಿದಿತ್ತು. ಕಾಲು ಜಾರದಂತೆ ಹಿಡಿದಿಡುವುದೇ ಅದರ ಕೆಲಸ, ಅದು ತನ್ನ ಕೆಲಸ ಮಾಡಿತು. ಒಂದು ಕಾಲು ಎಳೆದರು, ಬರಲಿಲ್ಲ. ಇನ್ನೊಂದು ಎಳೆದರು, ಕಾಲು ಬಂತು, ಬೂಟು ಬರಲಿಲ್ಲ. ಕೊನೆಗೆ ಎರಡನ್ನೂ ಅಲ್ಲೇ ಬಿಟ್ಟು, ಹೆಬ್ಬೆರಳ ಹತ್ತಿರ ತೂತಾದ ಕಾಲುಚೀಲದಲ್ಲಿ, ಇಡೀ ಹಾಲಿನ ಉದ್ದಕ್ಕೂ ನಡೆದು ಹೋದರು. ಈ ಸಲ ಕುಂಟಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ನೆಲದಲ್ಲಿ ಕೂತು ಮೇಣ ಕೆರೆದೆ. ಬಣ್ಣಗಳೆಲ್ಲ ಕಲಸಿ ಕೆಸರಾಗಿದ್ದವು. ಹಸಿರು ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಆಗ ಅತ್ತೆ. ಜೋರಾಗಿಯೇ ಅತ್ತೆ. ಬೂಟುಗಳ ಸುತ್ತಲಿನ ಮೇಣವನ್ನು ಮಾತ್ರ ಕೆರೆಯದೆ, ಹಾಗೇ ಚಪ್ಪಡಿಯಾಗಿ ಎಬ್ಬಿಸಿಕೊಂಡು ಬಂದೆ.

ವಾರ ಕಳೆದು ಅಕ್ಕ ಬಂದಳು. ಹೊರಗೆ ಟೆಂಪೋದಲ್ಲಿ ಮಾರಾಟವಾಗದೆ ಉಳಿದಿದ್ದ ನನ್ನ ಚಿತ್ರಗಳಿದ್ದವು. ಭಾವನ ಸಹಿಗಳನ್ನು ಅವಳೇ ಕೂತು ಚಾಕುವಿನಲ್ಲಿ ಕೆರೆದಿದ್ದಳು, ಬೆರಳಿಗೆ ಬ್ಯಾಂಡೇಜಿತ್ತು. ನಾನು ಒಳಗೆ ಬಾ ಅನ್ನಲಿಲ್ಲ. ಬೇಡವೂ ಅನ್ನಲಿಲ್ಲ. ಅವಳೇ ಬಂದು ಗೋಡೆಯ ಮುಂದೆ ನಿಂತಳು. ಅಲೆ ಇದ್ದ ಜಾಗದಲ್ಲಿ ಭಾವನ ಅದೇ ತೇಗದ ಕಟ್ಟು, ಅದರೊಳಗೆ ಕೆಸರು ಬಣ್ಣದ ಮೇಣ, ಮೇಣದಲ್ಲಿ ಹುಗಿದ ಒಂದು ಜೊತೆ ಕಂದು ಬೂಟು. ಮೂಲೆಯಲ್ಲಿ ನನ್ನ ಸಹಿ, ದೊಡ್ಡದಾಗಿ. ಗ್ಯಾಲರಿಯವರು ಬಂದು ಅದನ್ನು ಪ್ರದರ್ಶನಕ್ಕೆ ಕೇಳಿ ಹೋಗಿದ್ದರು.

"ಅವರು ಅಂಗಡಿ ಬಾಗಿಲೂ ತೆಗೀತಿಲ್ಲ ಕಣೇ," ಅಂದಳು ಅಕ್ಕ. "ಅದೊಂದನ್ನ ಕೊಟ್ಬಿಡು. ಜನ ನೋಡಿ ನಗ್ತಾರೆ."

ಹೋದ ಅಲೆ ಈಗಲೂ ನೆನಪಾಗುತ್ತದೆ. ಆಗೆಲ್ಲ ಆ ಬೂಟುಗಳ ಕಡೆ ನೋಡುತ್ತೇನೆ. ಅಕ್ಕ ಕೇಳಿದಾಗಲೂ ನೋಡಿದೆ.

"ಅವರದು ತಾನೇ ಬೂಟು? ಅವರೇ ಬರಲಿ," ಅಂದೆ. "ನಾಕು ಜನರ ಮುಂದೆ ನಿಂತು 'ನಂದೇ' ಅಂತ ಹೇಳಿ ತಗೊಂಡು ಹೋಗಲಿ."